ಐದು ವರ್ಷದ ಮಗುವನ್ನೂ ಕರೆದುಕೊಂಡು ಸೇವೆಗೆ ಹೋಗಬಹುದಾ?

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗಳಿಗೆ ಹನ್ನೊಂದು, ಮಗನಿಗೆ ಐದು. ಜೊತೆಗೆ ಅತ್ತೆ ಇದ್ದಾರೆ. ಅವರಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಎಲ್ಲರೂ ಸೇರಿ ತಿಂಗಳಿಗೊಮ್ಮೆಯಾದರೂ ಸುತ್ತಮುತ್ತಲಿನವರಿಗೆ ಉಪಯೋಗವಾಗುವ ಏನಾದರೂ ಮಾಡಬೇಕು ಅಂತ ಆಸೆ. ಎರಡು ಸಂಸ್ಥೆಗಳನ್ನು ಕೇಳಿದೆವು. ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ ಅಂದರು. ಮಗಳ ಹುಟ್ಟುಹಬ್ಬವನ್ನು ಒಂದು ಮಕ್ಕಳ ಆಶ್ರಮದಲ್ಲಿ ಆಚರಿಸುವ ಯೋಚನೆಯೂ ಇದೆ. ಶಾಲೆಯಲ್ಲಿ ಸೇವೆಗೆ ಸರ್ಟಿಫಿಕೇಟ್ ಕೊಡುತ್ತಾರಂತೆ. ಅದನ್ನು ಮುಂದಿಟ್ಟರೆ ಮಗಳು ಹುರುಪಿನಿಂದ ಬರುತ್ತಾಳಾ? ಎಲ್ಲಿಂದ ಶುರು ಮಾಡೋಣ?

ಉತ್ತರ: ಮೊದಲು ಆ ಹದಿನೆಂಟರ ವಿಷಯ. ಸಂಸ್ಥೆಯವರು ಬೇಡ ಅಂದರೆಂದು ಬೇಜಾರು ಮಾಡಿಕೊಳ್ಳಬೇಡಿ. ಅವರ ಜಾಗದಲ್ಲಿ ಮಗು ಬಿದ್ದು ಪೆಟ್ಟು ಮಾಡಿಕೊಂಡರೆ ಹೊಣೆ ಅವರ ತಲೆಗೆ ಬರುತ್ತದೆ. ವಿಮೆಯ ಷರತ್ತುಗಳಿರುತ್ತವೆ, ಮಕ್ಕಳ ರಕ್ಷಣೆಯ ನಿಯಮಗಳಿರುತ್ತವೆ. ಎಲ್ಲಕ್ಕಿಂತ ದೊಡ್ಡ ತಾಪತ್ರಯ ಅಂದರೆ, ಇರುವ ನಾಲ್ಕು ಸಿಬ್ಬಂದಿಯಲ್ಲಿ ಒಬ್ಬರು ತಮ್ಮ ಕೆಲಸ ಬಿಟ್ಟು ನಿಮ್ಮ ಮಗನ ಹಿಂದೆ ಓಡಾಡಬೇಕಾಗುತ್ತದೆ. ಸಹಾಯಕ್ಕೆ ಬಂದವರನ್ನೇ ನೋಡಿಕೊಳ್ಳುವ ಪಾಡು ಯಾರಿಗೆ ಬೇಕು ಹೇಳಿ? ಆದರೆ ಬಹಳ ಕಡೆ ಆ ನಿಯಮ ಒಂಟಿಯಾಗಿ ಬರುವ ಮಕ್ಕಳಿಗೆ ಅಂತ ಮಾಡಿದ್ದು. ಅಪ್ಪ ಅಮ್ಮ ಪಕ್ಕದಲ್ಲೇ ಇರುತ್ತೇವೆ ಅಂದಾಗ ಮಾತು ಬೇರೆಯಾಗುತ್ತದೆ. ಹೇಗೆ ಕೇಳಬೇಕು ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಕುಟುಂಬಕ್ಕೆ ತಕ್ಕ ಕೆಲಸ ಹುಡುಕುವಾಗ ನಾನು ನೋಡುವುದು ಒಂದನ್ನೇ. ನೀವು ಅವತ್ತು ಹೋಗದಿದ್ದರೆ ಯಾರಿಗಾದರೂ ಏನಾದರೂ ಕಡಿಮೆ ಆಗುತ್ತಿತ್ತಾ? ಹೌದು ಅಂತಾದರೆ ಅದು ಸೇವೆ. ಮಕ್ಕಳಿಗೆ ಹೊತ್ತು ಕಳೆಯಲಿ ಅಂತ ಹುಟ್ಟಿಸಿದ ಕೆಲಸವಾದರೆ ಅದು ಪಿಕ್ನಿಕ್. ಪಿಕ್ನಿಕ್ ತಪ್ಪಲ್ಲ, ಆದರೆ ಹನ್ನೊಂದರ ಮಗಳಿಗೆ ಎರಡರ ವ್ಯತ್ಯಾಸ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ‘ಬೋರ್’ ಅನ್ನುವ ಮಕ್ಕಳಲ್ಲಿ ಎಷ್ಟೋ ಮಂದಿ ಹೇಳುತ್ತಿರುವುದು ಇದನ್ನೇ, ನನ್ನಿಂದ ಇಲ್ಲಿ ಏನೂ ಆಗುತ್ತಿಲ್ಲ ಅಂತ.

ಐದು ವರ್ಷದವನಿಂದ ಏನು ಆಗುತ್ತದೆ ಅಂತ ಅನುಮಾನ ಬೇಡ. 2006ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ ಎಂಬ ಮನೋವಿಜ್ಞಾನಿಗಳು ಒಂದೂವರೆ ವರ್ಷದ ಮಕ್ಕಳ ಮುಂದೆ ಚಿಕ್ಕ ನಾಟಕ ಆಡಿ ನೋಡಿದರು. ಅಪರಿಚಿತನೊಬ್ಬ ಬಟ್ಟೆ ಒಣಹಾಕುತ್ತಾ ಕ್ಲಿಪ್ ಬೀಳಿಸುತ್ತಾನೆ, ಕೈಗೆ ಎಟುಕುವುದಿಲ್ಲ. ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಬೀರುವಿನ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾನೆ. ಹೆಚ್ಚಿನ ಮಕ್ಕಳು ಯಾರೂ ಹೇಳದೆಯೇ ಎದ್ದು ಹೋಗಿ ಸಹಾಯ ಮಾಡಿದರು. ಅಂದರೆ ಮನಸ್ಸು ಆಗಲೇ ಇದೆ. ನಾವು ಹೊಂದಿಸಬೇಕಾದದ್ದು ಕೆಲಸದ ಅಳತೆಯನ್ನು. ಐದರ ಮಗು ಎಣಿಸುತ್ತದೆ, ಬಣ್ಣ ನೋಡಿ ಬೇರೆ ಮಾಡುತ್ತದೆ, ಚೀಲದ ಬಾಯಿ ಅಗಲಿಸಿ ಹಿಡಿಯುತ್ತದೆ, ಗಿಡಕ್ಕೆ ನೀರು ಹಾಕುತ್ತದೆ, ಚೀಟಿ ಅಂಟಿಸುತ್ತದೆ. ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಅವನು ‘ಮನೆಗೆ ಹೋಗೋಣ’ ಅನ್ನುವುದಕ್ಕೆ ಹತ್ತು ನಿಮಿಷ ಮೊದಲೇ ನೀವೇ ಹೊರಡಿ. ಮುಂದಿನ ತಿಂಗಳು ಮತ್ತೆ ಬರುತ್ತಾನೆ.

ನಿಮ್ಮ ಮನೆಯ ಲೆಕ್ಕಕ್ಕೆ ನಾನು ಮೊದಲು ಹೇಳುವುದು ಹಕ್ಕಿ ಎಣಿಕೆ. ಕಾರಣ ಅತ್ತೆಯವರು. ಅವರು ಕುರ್ಚಿಯಲ್ಲಿ ಕೂತೇ ಇದನ್ನು ಮಾಡಬಹುದು, ಅದೂ ನಿಮ್ಮೆಲ್ಲರಿಗಿಂತ ಚೆನ್ನಾಗಿ. ವರ್ಷಗಟ್ಟಲೆ ಅದೇ ಕಿಟಕಿಯಿಂದ ಹೊರಗೆ ನೋಡಿದವರಿಗೆ ಯಾವ ಹಕ್ಕಿ ಯಾವಾಗ ಬರುತ್ತದೆ ಅಂತ ಬಾಯಿಪಾಠ ಇರುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಹಕ್ಕಿಗಳನ್ನು ಗುಂಡಿಟ್ಟು ಕೊಲ್ಲುವ ಪಂದ್ಯ ಅಮೆರಿಕದಲ್ಲಿ ಒಂದು ಕಾಲಕ್ಕೆ ಇತ್ತು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞರು ‘ಕೊಲ್ಲುವ ಬದಲು ಎಣಿಸೋಣ’ ಅಂತ ಶುರು ಮಾಡಿದ ಎಣಿಕೆ ಇಂದಿಗೂ ನಡೆಯುತ್ತಿದೆ. ಮೊದಲ ವರ್ಷ ಸೇರಿದವರು ಬರೀ 27 ಜನ. ನಿಮಗೆ ಸುಲಭವಾದದ್ದು 1998ರಲ್ಲಿ ಶುರುವಾದ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’. 2013ರಿಂದ ಜಗತ್ತಿನ ಯಾವ ಮೂಲೆಯವರೂ ಸೇರಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುತ್ತದೆ. ಒಂದು ಕಡೆ ಕನಿಷ್ಠ 15 ನಿಮಿಷ ನೋಡಿ, ಕಂಡದ್ದನ್ನು ಬರೆದು ಕಳಿಸಿದರೆ ಆಯಿತು.

ಫೆಬ್ರವರಿಗೆ ಕಾಯಬೇಕಾಗಿಯೂ ಇಲ್ಲ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು 2002ರಲ್ಲಿ ಶುರು ಮಾಡಿದ, ಕಂಡ ಹಕ್ಕಿಗಳ ಲೆಕ್ಕ ದಾಖಲಿಸುವ ‘ಇಬರ್ಡ್’ ಜಾಲತಾಣ ವರ್ಷವಿಡೀ ತೆರೆದಿರುತ್ತದೆ. ಒಂದೇ ಜಾಗ, ಒಂದೇ ಹೊತ್ತು, ತಿಂಗಳಿಗೊಮ್ಮೆ. ಈ ಪಟ್ಟುಹಿಡಿದ ಲೆಕ್ಕವೇ ವಿಜ್ಞಾನಿಗಳಿಗೆ ಬೇಕಾದದ್ದು, ಯಾಕೆಂದರೆ ಹಕ್ಕಿ ಕಡಿಮೆಯಾಗುತ್ತಿದೆಯಾ ಅಂತ ಗೊತ್ತಾಗುವುದು ಹೋಲಿಸಿ ನೋಡಿದಾಗ. ಮಗ ಹಕ್ಕಿ ತೋರಿಸಲಿ, ಅಜ್ಜಿ ಹೆಸರು ಹೇಳಲಿ, ಮಗಳು ಬರೆದುಕೊಳ್ಳಲಿ. ಒಂದು ಎಚ್ಚರಿಕೆ. ಅದೇ ಗುಬ್ಬಿ ಹಾರಿಹೋಗಿ ಮತ್ತೆ ಬಂದರೆ ಐದರ ಮಗು ಅದನ್ನು ಹತ್ತು ಗುಬ್ಬಿ ಮಾಡುತ್ತದೆ! ಮನೆಯ ಮುಂದಿನ ಎಣಿಕೆಗೆ, ಒಂದು ಜಾತಿಯ ಹಕ್ಕಿಗಳು ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನು ಮಾತ್ರ ಬರೆಯಿರಿ. ಖಾತೆ ದೊಡ್ಡವರ ಹೆಸರಲ್ಲಿರಲಿ. ಇಂಥ ತಾಣಗಳಲ್ಲಿ ಮಕ್ಕಳ ಖಾತೆಗೆ ವಯಸ್ಸಿನ ಮಿತಿ ಇರುವುದು ಸಾಮಾನ್ಯ.

ಎರಡನೆಯದು ಎಲ್ಲರಿಗೂ ಹೊಳೆಯುವ ಕೆಲಸ, ಕಸ ಹೆಕ್ಕುವುದು. ಪಾರ್ಕು, ಕೆರೆ ದಂಡೆ, ಸಮುದ್ರ ತೀರ, ಶಾಲೆಯ ಹಿಂದಿನ ಖಾಲಿ ಜಾಗ. ಆದರೆ ಬರೀ ಹೆಕ್ಕಿ ಚೀಲ ತುಂಬಿಸಿ ಬರುವುದರಲ್ಲಿ ಒಂದು ತೊಂದರೆ ಇದೆ. ಮುಂದಿನ ವಾರ ಅಷ್ಟೇ ಕಸ ಬಿದ್ದಿರುತ್ತದೆ, ಮಕ್ಕಳ ಉತ್ಸಾಹ ಇಳಿಯುತ್ತದೆ. 1986ರಲ್ಲಿ ಟೆಕ್ಸಸ್ ಕರಾವಳಿಯಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓಹಾರಾ ಎಂಬ ಇಬ್ಬರು ಹೆಂಗಸರು ಶುರು ಮಾಡಿದ ಶುಚಿ ಕಾರ್ಯದಲ್ಲಿ ಇದಕ್ಕೊಂದು ದಾರಿ ಇತ್ತು. ಸಿಕ್ಕಿದ ಒಂದೊಂದು ವಸ್ತುವನ್ನೂ ಪಟ್ಟಿಯಲ್ಲಿ ಗುರುತು ಹಾಕಿ ಅಂದರು. ಅದೇ ಈಗ ಪ್ರತಿ ಸೆಪ್ಟೆಂಬರಿನಲ್ಲಿ ಎಷ್ಟೋ ದೇಶಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಕರಾವಳಿ ಶುಚಿ ಕಾರ್ಯ. ದಶಕಗಳ ಕಾಲ ಆ ಪಟ್ಟಿಯ ತುದಿಯಲ್ಲಿ ಇದ್ದದ್ದು ಬಾಟಲಿಯೂ ಅಲ್ಲ, ಪ್ಲಾಸ್ಟಿಕ್ ಚೀಲವೂ ಅಲ್ಲ, ಸೇದಿ ಎಸೆದ ಸಿಗರೇಟ್ ತುಂಡು. ಎಣಿಸದಿದ್ದರೆ ಇದು ತಿಳಿಯುತ್ತಿರಲಿಲ್ಲ.

ನಿಮ್ಮ ಮಗಳ ಕೈಗೆ ಒಂದು ಪುಸ್ತಕ, ಪೆನ್ಸಿಲ್ ಕೊಡಿ. ಮೂರು ತಿಂಗಳ ಲೆಕ್ಕ ಸೇರಿದ ಮೇಲೆ ‘ಈ ಬೆಂಚಿನ ಸುತ್ತಲೇ ಅರ್ಧ ಕಸ ಬೀಳುತ್ತಿದೆ, ಇಲ್ಲಿ ಒಂದು ಕಸದ ಬುಟ್ಟಿ ಇಡಿ’ ಅಂತ ಸ್ಥಳೀಯ ಆಡಳಿತಕ್ಕೆ ಅವಳೇ ಪತ್ರ ಬರೆಯಲಿ. ಬುಟ್ಟಿ ಬಂದರೆ ಅದು ಅವಳು ತಂದ ಬುಟ್ಟಿ. ಬರದಿದ್ದರೆ ಎರಡನೇ ಪತ್ರ ಬರೆಯುವುದು ಹೇಗೆ ಅಂತ ಕಲಿಯುತ್ತಾಳೆ, ಅದೂ ಬೇಕಾದದ್ದೇ.

ಕಸದ ಕೆಲಸಕ್ಕೆ ಕೈಗವಸು ಕಡ್ಡಾಯ, ಮುಚ್ಚಿದ ಶೂ ಕಡ್ಡಾಯ. ಸಣ್ಣವನ ಕೈಗೆ ಇಕ್ಕಳ ಕೊಟ್ಟರೆ ಅವನಿಗೂ ಖುಷಿ, ನಿಮಗೂ ನಿಶ್ಚಿಂತೆ. ಗಾಜು, ಸೂಜಿ, ಸಿರಿಂಜು, ಬ್ಯಾಟರಿ, ಮುಚ್ಚಳ ಹಾಕಿದ ಗೊತ್ತಿಲ್ಲದ ಡಬ್ಬಿ, ಸತ್ತ ಪ್ರಾಣಿ ಕಂಡರೆ ಮುಟ್ಟದೆ ದೊಡ್ಡವರನ್ನು ಕೂಗಬೇಕು. ಇದನ್ನು ಹೊರಡುವ ಮೊದಲು ಮನೆಯಲ್ಲೇ ಹೇಳಿ, ಅಲ್ಲಿಗೆ ಹೋಗಿ ಇನ್ನೊಮ್ಮೆ ಹೇಳಿ. ನೀರಿನ ಅಂಚು, ರಸ್ತೆಯ ಅಂಚು ಐದರವನಿಗೆ ಬೇಡವೇ ಬೇಡ. ಧನುರ್ವಾಯು ಲಸಿಕೆ ಎಲ್ಲರಿಗೂ ಆಗಿದೆಯಾ ನೋಡಿಕೊಳ್ಳಿ, ದೊಡ್ಡವರು ಇದನ್ನು ಮರೆತಿರುತ್ತಾರೆ.

ದೊಡ್ಡ ದೊಡ್ಡ ಒಂದು ದಿನದ ಅಭಿಯಾನಗಳ ಬಗ್ಗೆ ನನಗೆ ಮಿಶ್ರ ಅಭಿಪ್ರಾಯ ಇದೆ. 2008ರಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ ಸುಮಾರು 50,000 ಜನ ಒಂದೇ ದಿನ ಇಡೀ ದೇಶದ ಕಸ ತೆಗೆದರು. ಅದ್ಭುತವೇ. ಆದರೆ ಅಂಥ ಜನಜಾತ್ರೆಯಲ್ಲಿ ಐದರ ಮಗುವಿನ ಕೈ ಹಿಡಿದು ನಿಲ್ಲುವುದೇ ಒಂದು ಕೆಲಸವಾಗುತ್ತದೆ. ಡಿಸೆಂಬರ್ 5ರ ಅಂತರರಾಷ್ಟ್ರೀಯ ಸ್ವಯಂಸೇವಕರ ದಿನದ ಕಾರ್ಯಕ್ರಮಗಳಿಗೂ ಇದೇ ಮಾತು. ಜನ ಜಾಸ್ತಿ, ಮಾಡಲು ಕೆಲಸ ಕಡಿಮೆ. ನಿಮ್ಮ ಅಗತ್ಯ ಇರುವುದು ಯಾರೂ ಬರದ ಸಾಮಾನ್ಯ ಶನಿವಾರದಂದು.

ಇನ್ನು ಮಗಳಿಗೇ ಅಂತ ಕೆಲವು. ಪಕ್ಕದ ಮನೆಯಲ್ಲೋ ಹಿಂದಿನ ಬೀದಿಯಲ್ಲೋ ಒಂಟಿಯಾಗಿರುವ ಹಿರಿಯರು ಇದ್ದಾರಾ? ವಿಡಿಯೊ ಕಾಲ್ ಮಾಡುವುದು, ಬಂದ ಮೆಸೇಜ್ ಮೋಸದ್ದಾ ಅಂತ ಗುರುತಿಸುವುದು, ಅಕ್ಷರದ ಗಾತ್ರ ದೊಡ್ಡದು ಮಾಡುವುದು, ಇವನ್ನು ಹೇಳಿಕೊಡಲು ಹನ್ನೊಂದರ ಹುಡುಗಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಒಂದು ಷರತ್ತು. ಫೋನನ್ನು ಅವಳು ಕೈಗೆ ತೆಗೆದುಕೊಳ್ಳಬಾರದು. ಬಾಯಲ್ಲಿ ಹೇಳಬೇಕು, ಅವರ ಬೆರಳೇ ಒತ್ತಬೇಕು. ಬ್ಯಾಂಕಿನ ಆ್ಯಪ್, ಪಿನ್, ಪಾಸ್‌ವರ್ಡ್ ತಂಟೆಗೆ ಹೋಗಬಾರದು. ನೀವೋ ಅತ್ತೆಯವರೋ ಜೊತೆಯಲ್ಲೇ ಇರಬೇಕು. ಮನೆಯಲ್ಲಿ ಯಾರಿಗಾದರೂ ನೆಗಡಿ ಕೆಮ್ಮು ಇದ್ದ ದಿನ ಹಿರಿಯರ ಮನೆಗೆ, ವೃದ್ಧಾಶ್ರಮಕ್ಕೆ ಹೋಗಲೇಬೇಡಿ. ನಮಗೆ ಎರಡು ದಿನದ ಜ್ವರ, ಅವರಿಗೆ ಆಸ್ಪತ್ರೆ.

ಸಾರ್ವಜನಿಕ ಗ್ರಂಥಾಲಯವನ್ನೂ ಕೇಳಿ ನೋಡಿ. ಮಕ್ಕಳ ವಿಭಾಗದ ಪುಸ್ತಕಗಳು ಸದಾ ಅಸ್ತವ್ಯಸ್ತವಾಗಿರುತ್ತವೆ. ಅವನ್ನು ಜೋಡಿಸುವುದು, ಹರಿದ ಹಾಳೆಗೆ ಟೇಪ್ ಹಚ್ಚುವುದು ಇಬ್ಬರು ಮಕ್ಕಳೂ ಮಾಡಬಲ್ಲ ಕೆಲಸ. ಟೇಪ್ ಯಾವುದು ಅಂತ ಮಾತ್ರ ಗ್ರಂಥಪಾಲಕರನ್ನೇ ಕೇಳಿ. ಅಂಗಡಿಯ ಮಾಮೂಲಿ ಟೇಪ್ ಕೆಲವು ವರ್ಷಕ್ಕೆ ಹಳದಿಯಾಗಿ ಹಾಳೆಯನ್ನೇ ಕೆಡಿಸುತ್ತದೆ. ಹತ್ತಿರ ಗ್ರಂಥಾಲಯವೇ ಇಲ್ಲದಿದ್ದರೆ ನೀವೇ ಒಂದು ಪೆಟ್ಟಿಗೆ ಇಡಬಹುದು. 2009ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟಾಡ್ ಬೋಲ್ ಅನ್ನುವವರು ಶಿಕ್ಷಕಿಯಾಗಿದ್ದ ತಮ್ಮ ತಾಯಿಯ ನೆನಪಿಗೆ ಪುಟ್ಟ ಶಾಲೆಯ ಆಕಾರದ ಮರದ ಪೆಟ್ಟಿಗೆ ಮಾಡಿ, ಅದರಲ್ಲಿ ಪುಸ್ತಕ ತುಂಬಿ ಮನೆಯ ಮುಂದೆ ನಿಲ್ಲಿಸಿದರು. ಬೇಕಾದವರು ಒಯ್ಯಲಿ, ಇದ್ದವರು ಇಡಲಿ ಅಂತ. ಅಂಥವು ಈಗ ಎಷ್ಟೋ ದೇಶಗಳಲ್ಲಿವೆ. ಪೆಟ್ಟಿಗೆ ಮಾಡುವುದು ಒಂದು ದಿನದ ಸಂಭ್ರಮ. ಮಳೆ ನೀರು ಒಳಗೆ ಬಾರದಂತೆ, ಹಳೆಯ ಪರೀಕ್ಷೆ ಗೈಡುಗಳ ಗೋದಾಮು ಆಗದಂತೆ ವಾರವಾರ ನೋಡಿಕೊಳ್ಳುವುದು ಅಸಲಿ ಸೇವೆ. ಅದನ್ನು ಐದರವನಿಗೆ ವಹಿಸಿ.

ದುರಸ್ತಿ ಕೆಫೆ ಅಂತ ಒಂದಿದೆ. ಮಾರ್ಟಿನ್ ಪೋಸ್ಟ್‌ಮಾ ಅನ್ನುವ ಮಹಿಳೆ 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರು ಮಾಡಿದರು. ಕೆಟ್ಟ ಫ್ಯಾನು, ಹರಿದ ಚೀಲ, ಮುರಿದ ಆಟಿಕೆ ತಂದರೆ ಗೊತ್ತಿರುವವರು ಜೊತೆಗೆ ಕೂತು ಸರಿಮಾಡಿಕೊಡುತ್ತಾರೆ. ಅತ್ತೆಯವರಿಗೆ ಹೊಲಿಗೆ ಬಂದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಂಡಿ ಹಾಕಿಕೊಡುವ ಮೇಜು ಅವರದೇ. ದಾನವಾಗಿ ಬಂದ ಆಹಾರವನ್ನು ಕೂಡಿಸಿ ಇಲ್ಲದವರಿಗೆ ಹಂಚುವ ಆಹಾರ ಬ್ಯಾಂಕ್ ಇರುವ ಊರಾದರೆ, ಬಂದ ಪೊಟ್ಟಣಗಳ ಅವಧಿ ಮುಗಿಯುವ ದಿನಾಂಕ ಓದಿ ಬೇರೆಬೇರೆ ರಾಶಿ ಮಾಡುವ ಕೆಲಸಕ್ಕೆ ಕಣ್ಣು ಚುರುಕಿರುವ ಮಕ್ಕಳು ಬೇಕಾಗುತ್ತಾರೆ.

ಪ್ರಾಣಿಗಳ ವಿಷಯದಲ್ಲಿ ನಿಧಾನ. ಮಕ್ಕಳು ಮೊದಲು ಕೇಳುವುದೇ ಅದನ್ನು, ನನಗೆ ಗೊತ್ತು. ಆದರೆ ಬೀದಿ ನಾಯಿಗೆ ಊಟ ಹಾಕುವುದು, ಮುಟ್ಟುವುದು ಸಣ್ಣ ಮಕ್ಕಳ ಕೆಲಸವಲ್ಲ. ರೇಬೀಸ್ ಅನುಮಾನ ಇರುವ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಸುಮಾರು ಶೇಕಡಾ 40ರಷ್ಟು ಮಂದಿ 15 ವರ್ಷದೊಳಗಿನವರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರಾಣಿ ಆಶ್ರಯಧಾಮಗಳಿಗೆ ಹಳೆಯ ಟವೆಲ್, ಹೊದಿಕೆ, ನ್ಯೂಸ್‌ಪೇಪರ್ ಯಾವಾಗಲೂ ಬೇಕು. ಅವನ್ನು ಬೀದಿಯ ಮನೆಗಳಿಂದ ಕೂಡಿಸಿ ಕೊಟ್ಟು ಬರಲಿ. ಕೆಲವು ಆಶ್ರಯಧಾಮಗಳಲ್ಲಿ ಮಕ್ಕಳು ಬೋನಿನ ಹೊರಗೆ ಕೂತು ಅಂಜುಬುರುಕ ನಾಯಿಗಳಿಗೆ ಕತೆ ಓದುತ್ತಾರೆ. ನಾಯಿ ಮನುಷ್ಯರ ದನಿಗೆ ಹೊಂದಿಕೊಳ್ಳುತ್ತದೆ, ಮಗುವಿಗೆ ತಪ್ಪು ಹಿಡಿಯದ ಕೇಳುಗ ಸಿಗುತ್ತಾನೆ. ನಿಮ್ಮಲ್ಲಿ ಇಂಥದ್ದು ಇದೆಯಾ ಅಂತ ಕೇಳುವುದರಲ್ಲಿ ನಷ್ಟವಿಲ್ಲ.

ಈಗ ಹುಟ್ಟುಹಬ್ಬ. ನಿಮ್ಮ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೂ ನನ್ನ ಸಲಹೆ, ಬೇಡ.

ಆ ದಿನವನ್ನು ಅಲ್ಲಿರುವ ಮಗುವಿನ ಕಡೆಯಿಂದ ನೋಡಿ. ಗೊತ್ತಿಲ್ಲದ ಕುಟುಂಬವೊಂದು ಬರುತ್ತದೆ. ಇವಳದೇ ವಯಸ್ಸಿನ ಹುಡುಗಿ, ಹೊಸ ಬಟ್ಟೆ, ಪಕ್ಕದಲ್ಲಿ ಅಪ್ಪ, ಅಮ್ಮ, ಅಜ್ಜಿ. ಸಾಲಾಗಿ ನಿಂತು ಹಾಡಬೇಕು, ಉಡುಗೊರೆ ತೆಗೆದುಕೊಂಡು ಥ್ಯಾಂಕ್ಸ್ ಹೇಳಬೇಕು, ಫೋಟೊಗೆ ನಗಬೇಕು. ಎರಡು ಗಂಟೆ ಎತ್ತಿ ಆಡಿಸಿ ಅವರು ಹೊರಟುಹೋಗುತ್ತಾರೆ. ಮುಂದಿನ ವಾರ ಇನ್ನೊಂದು ಕುಟುಂಬ. ಮತ್ತೆ ಮತ್ತೆ ಜನ ಬಂದು ಪ್ರೀತಿ ತೋರಿಸಿ ಮಾಯವಾಗುವುದು ಅಂಥ ಮಕ್ಕಳಿಗೆ, ಅದರಲ್ಲೂ ಚಿಕ್ಕವರಿಗೆ, ಗಾಯದ ಮೇಲೆ ಬರೆ. ಯಾರನ್ನು ನಂಬಬೇಕು, ಯಾರನ್ನು ಹಚ್ಚಿಕೊಳ್ಳಬೇಕು ಅನ್ನುವುದೇ ಅವರಿಗೆ ಕಷ್ಟವಾಗುತ್ತದೆ. ಎಷ್ಟೋ ಕಡೆ ‘ಅನಾಥಾಲಯ’ದಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ ಅನ್ನುವುದೂ ನಿಜ. ಅವರನ್ನು ಅಲ್ಲಿಗೆ ತಂದದ್ದು ಬಡತನ. ನೋಡಲು ಬರುವವರ ಹಣವೇ ಆದಾಯವಾದಾಗ ಮಕ್ಕಳನ್ನು ಮನೆಗೆ ಕಳಿಸುವುದಕ್ಕಿಂತ ಅಲ್ಲೇ ಇಟ್ಟುಕೊಳ್ಳುವುದು ಕೆಲವರಿಗೆ ಲಾಭದ್ದಾಗುತ್ತದೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ, ಪ್ರವಾಸಿಗಳು ಅನಾಥಾಲಯಗಳಿಗೆ ಸ್ವಯಂಸೇವೆಗೆಂದು ಹೋಗುವುದರಿಂದ ಆಗುವ ಹಾನಿಯನ್ನು ಪ್ರಸ್ತಾಪಿಸಿತು. ನೀವು ಪ್ರವಾಸಿಗಳಲ್ಲ, ಸರಿ. ಆ ಮಗುವಿಗೆ ಮಾತ್ರ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಹಾಗಂತ ಆ ಮಕ್ಕಳಿಗೆ ಏನೂ ಮಾಡಬಾರದು ಅಂತಲ್ಲ. ನಡೆಸುವವರಿಗೆ ಫೋನ್ ಮಾಡಿ, ಈ ತಿಂಗಳು ಏನು ಬೇಕು ಅಂತ ಕೇಳಿ. ಶಾಲೆಯ ಶೂ, ಸ್ಯಾನಿಟರಿ ಪ್ಯಾಡ್, ಸೊಳ್ಳೆ ಪರದೆ, ಕನ್ನಡಕದ ಖರ್ಚು, ಹೀಗೆ ಯಾರೂ ಕೊಡದ ಸಾಮಾನುಗಳ ಪಟ್ಟಿ ಅವರ ಹತ್ತಿರ ಇರುತ್ತದೆ. ಮಗಳು ಹುಟ್ಟುಹಬ್ಬಕ್ಕೆ ಸ್ನೇಹಿತರಿಂದ ಉಡುಗೊರೆ ಬದಲು ಅದನ್ನೇ ಕೂಡಿಸಿ ಕಚೇರಿಯಲ್ಲಿ ಕೊಟ್ಟು ಬರಲಿ. ಅಲ್ಲಿನ ಮಕ್ಕಳನ್ನು ನೋಡಲೇಬೇಕು ಅನ್ನುವ ಹಟ ಬೇಡ. ಫೋಟೊ ಅಂತೂ ಬೇಡವೇ ಬೇಡ. ಮಕ್ಕಳ ಜೊತೆಯಲ್ಲೇ ಕೆಲಸ ಮಾಡುವ ಆಸೆ ನಿಮಗೆ ಅಥವಾ ನಿಮ್ಮ ಯಜಮಾನರಿಗೆ ಇದ್ದರೆ, ಹಿನ್ನೆಲೆ ಪರಿಶೀಲನೆಗೆ ಒಪ್ಪಿ, ಕನಿಷ್ಠ ಒಂದು ವರ್ಷ ವಾರಕ್ಕೊಮ್ಮೆ ತಪ್ಪದೆ ಬರುತ್ತೇನೆ ಅಂತ ಮಾತು ಕೊಟ್ಟು ಪಾಠಕ್ಕೆ ಹೋಗಿ. ಗುರುತು ಪರಿಚಯ ಕೇಳದೆ ಯಾರನ್ನಾದರೂ ಒಳಗೆ ಬಿಡುವ ಜಾಗದಿಂದ ದೂರ ಇರಿ.

ಸರ್ಟಿಫಿಕೇಟಿನ ಪ್ರಶ್ನೆಗೆ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಆರಿಸಿದರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರದ ನಂತರ ನೋಡಿದರೆ, ಮೊದಲೇ ಆಸೆ ತೋರಿಸಿದ ಗುಂಪು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿತ್ತು. ವಾರ್ನೆಕೆನ್ ಮತ್ತು ಟೊಮಾಸೆಲೊ 2008ರಲ್ಲಿ ಇಪ್ಪತ್ತು ತಿಂಗಳ ಮಕ್ಕಳಲ್ಲೂ ಇಂಥದ್ದೇ ಕಂಡರು. ಸಹಾಯಕ್ಕೆ ಬಹುಮಾನ ಸಿಕ್ಕಿದ ಮಕ್ಕಳು ಆಮೇಲೆ ಸಹಾಯ ಮಾಡಿದ್ದು ಕಡಿಮೆ. ಹಾಗಾಗಿ ಸರ್ಟಿಫಿಕೇಟನ್ನು ಆಮಿಷವಾಗಿ ಮುಂದಿಡಬೇಡಿ. ಶಾಲೆ ಕೊಟ್ಟರೆ ಕೊಡಲಿ, ಫೈಲಿಗೆ ಹಾಕಿ ಸುಮ್ನಿರಿ. ಮಗಳು ಬರಬೇಕು ಅಂದರೆ ಆಯ್ಕೆ ಅವಳದಾಗಲಿ. ಎರಡು ಮೂರು ಕೆಲಸ ಮುಂದಿಟ್ಟು ‘ಯಾವುದು?’ ಅಂತ ಕೇಳಿ. ಆರಿಸಿದ ಮೇಲೆ ಮೂರು ಸಲ ಹೋಗಲೇಬೇಕು, ನಾಲ್ಕನೇ ಸಲ ಬೇಕಾದರೆ ಬದಲಿಸಬಹುದು ಅಂತ ಮೊದಲೇ ಮಾತಾಗಲಿ. ಹೊಸ ಜಾಗ ಮೊದಲ ಸಲ ಎಲ್ಲರಿಗೂ ಮುಜುಗರವೇ, ಅಷ್ಟಕ್ಕೆ ತೀರ್ಮಾನ ಮಾಡಬಾರದು.

ಈಗ ಕೇಳುವ ಬಗೆ. ‘ನಾವೂ ಸೇವೆ ಮಾಡಬೇಕು ಅಂತಿದ್ದೇವೆ, ಏನಾದರೂ ಕೆಲಸ ಇದೆಯಾ?’ ಅಂದರೆ ಯೋಚಿಸುವ ಹೊರೆಯನ್ನು ಅವರ ಮೇಲೆ ಹಾಕಿದಂತೆ. ಹೀಗೆ ಹೇಳಿ ನೋಡಿ: ‘ನಾವು ಇಬ್ಬರು ದೊಡ್ಡವರು, ಹನ್ನೊಂದು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಪ್ರತಿ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಒಂದು ಗಂಟೆ, ಆರು ತಿಂಗಳು ಬರುತ್ತೇವೆ. ಮಕ್ಕಳನ್ನು ನಾವೇ ನೋಡಿಕೊಳ್ಳುತ್ತೇವೆ. ವಿಂಗಡಿಸುವುದು, ಎಣಿಸುವುದು, ಚೀಟಿ ಅಂಟಿಸುವುದು, ಜೋಡಿಸುವುದು, ಇಂಥ ಕೆಲಸ ಏನಾದರೂ ಬಾಕಿ ಇದೆಯಾ? ಮನೆಗೆ ತಂದು ಮಾಡುವಂಥದ್ದಾದರೂ ಸರಿ.’ ಕೊನೆಯ ವಾಕ್ಯವನ್ನು ಮರೆಯಬೇಡಿ. ಮಕ್ಕಳನ್ನು ಒಳಗೆ ಬಿಡಲು ನಿಯಮ ಅಡ್ಡ ಬರುವ ಕಡೆಯೂ ಕವರಿಗೆ ವಿಳಾಸ ಅಂಟಿಸುವುದು, ಕಿಟ್ ಕಟ್ಟುವುದು ಮನೆಗೆ ಸಿಗಬಹುದು. ಅತ್ತೆಯವರೂ ಸೇರಿಕೊಳ್ಳಬಹುದು.

ಬೇಡ ಅಂದ ಆ ಎರಡು ಸಂಸ್ಥೆಗಳಿಗೇ ಮೊದಲು ಮತ್ತೊಮ್ಮೆ ಫೋನ್ ಮಾಡಿ. ವಾರದ ನಡುವೆ, ಮಂಗಳವಾರವೋ ಬುಧವಾರವೋ ಮಾಡಿ. ಶನಿವಾರ ಬೆಳಿಗ್ಗೆ ಮಾಡಿದರೆ ಅವರು ಬಂದವರ ಗಡಿಬಿಡಿಯಲ್ಲಿರುತ್ತಾರೆ, ಮತ್ತೆ ಅದೇ ‘ಹದಿನೆಂಟು’ ಹೇಳಿ ಫೋನ್ ಇಡುತ್ತಾರೆ.